ಇನ್ನೂರರ ಲೆನ್ಸ್

ಆಲಂಕಾರಿನ ಆದಂ ಕುಂಞಿ ತಮ್ಮ ಸ್ಟುಡಿಯೋ ಮುಚ್ಚುವಾಗ ಹರಿಪ್ರಸಾದನಿಗೆ ಹಳೆಯ ಇನ್ನೂರು ಎಂಎಂ ಲೆನ್ಸೊಂದನ್ನು ಎರಡು ಸಾವಿರಕ್ಕೆ ಕೊಟ್ಟಿದ್ದರು. ಹೊಸದಕ್ಕೆ ಕೈ ಹಾಕುವ ತಾಕತ್ತಿಲ್ಲದ, ಆದರೆ ರೀಲ್ ಕ್ಯಾಮೆರಾದ ಹುಚ್ಚು ಬಿಡದ ಮನುಷ್ಯ ಅವನು.

"ಇದು ಸುಳ್ಳು ಹೇಳ್ತದೆ ಮಾರಾಯ," ಎಂದು ಆದಂ ಕುಂಞಿ ಎಚ್ಚರಿಸಿದ್ದರು. "ಎಲ್ಲೋ ದೂರ ಇದ್ದದ್ದನ್ನು ಎದುರಿನವರ ಬೆನ್ನಿಗೆ ತಂದು ಅಂಟಿಸ್ತದೆ. ನಿಜ ಬೇಕಾದ್ರೆ ಫೋಕಸ್ ರಿಂಗ್ ತಿರುಗಿಸಿ ನೋಡು. ಒಂದು ಚೂಪಾದಾಗ ಇನ್ನೊಂದು ಮಸುಕಾದ್ರೆ ನಡುವೆ ಜಾಗ ಉಂಟು. ಎರಡೂ ಒಟ್ಟಿಗೆ ಚೂಪಾದ್ರೆ ನಿಜವಾಗಿ ಹತ್ತಿರವೇ."

ಇಂದು ಬೆಳಿಗ್ಗೆ ಒಂಬತ್ತಕ್ಕೆ ಹರಿಪ್ರಸಾದ ಕೋಡಿಂಬಾಳದ ಹೊಳೆಬದಿಯ ಬಂಡೆಯ ಮೇಲೆ ಕೂತಿದ್ದ. ಆಚೆ ದಡದ ರಬ್ಬರ್ ತೋಟದಲ್ಲಿ ಹೆಂಡತಿ ನವ್ಯಾ ಬಕೆಟ್ ಹಿಡಿದು ಮರಕ್ಕೆ ಕಟ್ಟಿದ ತೆಂಗಿನ ಗೆರಟೆಗಳಿಂದ ಹಾಲು ಸುರಿದುಕೊಳ್ಳುತ್ತಿದ್ದಳು. ಬರಿಗಣ್ಣಿಗೆ ಅವಳ ಹಿಂದೆ ಮರಗಳ ಕಪ್ಪು ನೆರಳು ಮಾತ್ರ. ಲೆನ್ಸಿನಲ್ಲಿ ನೋಡಿದರೆ ಅವಳ ಬೆನ್ನಿಗೇ ಆನೆ.

ಬಂಡೆಯಿಂದ ಅರ್ಧ ಎದ್ದ. ಮರುಕ್ಷಣ ಆದಂ ಕುಂಞಿಯ ಮಾತು ನೆನಪಾಗಿ ನಗು ಬಂತು. ತೋಟದ ಹಿಂದಿನ ಗುಡ್ಡದ ನೆತ್ತಿಯ ಆನೆಯನ್ನು ಲೆನ್ಸ್ ಎಳೆದು ತಂದಿದೆ, ಅಷ್ಟೇ. ಅವರು ಹೇಳಿದ್ದರಲ್ಲಿ ಮೊದಲರ್ಧ ಮಾತ್ರ ಅವನಿಗೆ ನೆನಪಾದದ್ದು. ಫೋನ್ ತೆಗೆದು ಊರಿನ 'ಆನೆ ಮಾಹಿತಿ' ವಾಟ್ಸಾಪ್ ಗ್ರೂಪಿಗೆ ಹಾಕಿದ: "ಗುಡ್ಡದ ಮೇಲೆ ಒಂದು ಉಂಟು. ದೂರ. ಹೆದರುದು ಬೇಡ."

ಆಚೆ ದಡದಲ್ಲಿ ನವ್ಯಾ ಫೋನ್ ತೆಗೆದು ಓದಿದಳು. ಬಂಡೆಯತ್ತ ಕೈ ಬೀಸಿ, ನಿಶ್ಚಿಂತೆಯಿಂದ ಮುಂದಿನ ಮರಕ್ಕೆ ಬಾಗಿದಳು.

ರೀಲಿನಲ್ಲಿ ಉಳಿದದ್ದು ಮೂರೇ ಫೋಟೊ. ಹಾಳಾಗಬಾರದೆಂದು ರಿಂಗನ್ನು ಮೆಲ್ಲ ತಿರುಗಿಸಿ ಅವಳನ್ನು ಚೂಪು ಮಾಡಿದ. ಅವಳ ಕಿವಿಯ ಓಲೆ ಕಂಡಿತು. ಆನೆಯ ಕಿವಿಯ ಹರಕು ಅಂಚೂ ಕಂಡಿತು. ಅದರ ಹಿಂದಿನ ಗುಡ್ಡ ಮಾತ್ರ ಮಸುಕಾಗಿತ್ತು.

ಕೂಗಿದರೆ ಕೇಳುವಂತಿಲ್ಲ, ಹೊಳೆಯ ಕಿಂಡಿ ಅಣೆಕಟ್ಟಿನ ನೀರಿನ ಸದ್ದು ಅಷ್ಟಿತ್ತು. ಕರೆ ಮಾಡಿ, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿ ಮತ್ತೆ ಲೆನ್ಸಿಗೆ ಕಣ್ಣಿಟ್ಟ.

"ಎಂತ, ಫೋಟೊಕ್ಕೆ ನಗ್ಬೇಕಾ?"

"ಬಕೆಟ್ ಇಡು. ತಿರುಗಿ ನೋಡ್ಬೇಡ. ಮೆಲ್ಲ ಹೊಳೆ ಬದಿಗೆ ಇಳಿ."

"ದೂರ ಉಂಟು ಅಂತ ಬರೆದದ್ದು ನೀವೇ ಅಲ್ವಾ?" ಅವಳು ಜೋರಾಗಿ ನಕ್ಕಳು.

ಆನೆ ಕಿವಿ ಬೀಸುವುದನ್ನು ನಿಲ್ಲಿಸಿತು.

"ನಾನು ಬರೆದದ್ದು ತಪ್ಪು, ನವ್ಯಾ."

ನಗು ಅಲ್ಲಿಗೇ ನಿಂತಿತು. ಬಕೆಟ್ ಕೆಳಗಿಟ್ಟು ಅವಳು ಒಂದೊಂದೇ ಹೆಜ್ಜೆ ಇಳಿಯತೊಡಗಿದಳು. ಅವನು ರಿಂಗ್ ತಿರುಗಿಸಲಿಲ್ಲ. ಇವನತ್ತ ಬಂದಷ್ಟೂ ಅವಳು ಮಸುಕಾದಳು. ಮೊದಲು ಓಲೆ, ಆಮೇಲೆ ಮುಖ. ಆನೆ ಚೂಪಾಗಿಯೇ ಉಳಿಯಿತು. ಅಂದರೆ ಅದು ನಿಂತಲ್ಲೇ ಉಂಟು, ಇವಳು ಅದರಿಂದ ದೂರವಾಗುತ್ತಿದ್ದಾಳೆ. ಹೆಂಡತಿಯ ಮುಖ ಕಾಣದಾದದ್ದಕ್ಕೆ ಜೀವನದಲ್ಲಿ ಮೊದಲ ಸಲ ಅವನಿಗೆ ಸಮಾಧಾನವಾಯಿತು.

"ಉಂಟಾ ಇನ್ನೂ?" ಉಸಿರಲ್ಲೇ ಕೇಳಿದಳು.

"ಅಲ್ಲೇ ಉಂಟು. ನೀನು ಬಾ."

ಹೇಳಿ ಮುಗಿಸುವಷ್ಟರಲ್ಲಿ ಹರಕು ಕಿವಿಯ ಅಂಚೂ ಅವಳ ಓಲೆಯಂತೆಯೇ ಮಸುಕಾಯಿತು. ಆಮೇಲೆ, ದೊಡ್ಡದಾಗುತ್ತಲೇ, ದಂತ.

ರಿಂಗಿನ ಮೇಲಿದ್ದ ಅವನ ಬೆರಳು ಕದಲಿರಲಿಲ್ಲ. ಕದಲಿದ್ದು ಆನೆ.