ನೆಲಕ್ಕಿಳಿಯದ ಮುತ್ತಿ

ತಿತಿಮತಿಯ ಹತ್ತಿರದ ಆ ಕಾಫಿ ಎಸ್ಟೇಟಿಗೆ ನಾನು ಹೋದಾಗ ಹಣ್ಣು ಕೊಯ್ಯುವ ಪಿಕಿಂಗ್ ಶುರುವಾಗಿತ್ತು. ಕೂಲಿಯವರ ಸಾಲುಮನೆಗಳಾದ ಲೈನಿನ ಹೆಂಗಸರು ಬೆಳಕು ಹರಿಯುವ ಮೊದಲೇ ತೋಟಕ್ಕೆ ಹೊರಡುತ್ತಿದ್ದರು. ಅವರ ಎಳೆಯ ಮಕ್ಕಳಿಗೆಂದು ಎಸ್ಟೇಟಿನ ದೊರೆಯ ಹೆಂಡತಿ ಒಂದು ಶೆಡ್ಡು ಕಟ್ಟಿಸಿದ್ದರು. ನಾನು ಮದರಾಸಿನಲ್ಲಿ ಕಾಲೇಜು ಮುಗಿಸಿ, ಆಮೇಲೆ ಮಕ್ಕಳ ಪಾಲನೆಯನ್ನೇ ಓದಿ ಬಂದವಳು. ಮಕ್ಕಳು ಹೇಗೆ ಬೆಳೆಯುತ್ತವೆ, ಯಾವಾಗ ಏನು ಬೇಕು ಎಂದು ತಾಯಂದಿರಿಗೂ ಶೆಡ್ಡು ನೋಡಿಕೊಳ್ಳುವ ಆಯಾಳಿಗೂ ಹೇಳಿಕೊಡುವುದು ನನ್ನ ಕೆಲಸವಾಗಿತ್ತು.

ಆಯಾಳ ಹೆಸರು ಚೋಮಿ. ಮೊಣಕಾಲು ನೋವು ಬಂದು ಇಳಿಜಾರಿನಲ್ಲಿ ಬುಟ್ಟಿ ಹೊರಲಾಗದೆ ಹೋದಮೇಲೆ ಅವಳನ್ನು ಶೆಡ್ಡಿಗೆ ಹಾಕಿದ್ದರು. ತನ್ನ ಪಾಲಿನ ಬೆಲ್ಲವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು, ಅಳುವ ಮಗುವಿನ ಬಾಯಿಗೆ ಚೂರು ಚೂರೇ ಇಡುವಳು. ಯಾರೂ ಹೇಳಿದ್ದಲ್ಲ.

ಅಲ್ಲಿದ್ದ ಮಕ್ಕಳಲ್ಲಿ ಮುತ್ತಿ ಎಂಬವಳಿಗೆ ಎರಡು ವರ್ಷ ತುಂಬುತ್ತಾ ಬಂದಿತ್ತು. ಇನ್ನೂ ನಿಲ್ಲುತ್ತಿರಲಿಲ್ಲ. ಅವಳ ತಾಯಿ ಸುಬ್ಬಿಗೆ ಅದೇ ಚಿಂತೆ. ಹುಟ್ಟುತ್ತಲೇ ಕಾಲಲ್ಲಿ ಜೀವ ಇಲ್ಲ ಎಂದು ಲೈನಿನಲ್ಲಿ ಆಡಿಕೊಳ್ಳುತ್ತಿದ್ದರಂತೆ. ನಾನೇ ಒತ್ತಾಯ ಮಾಡಿ ಮಗುವನ್ನು ವಿರಾಜಪೇಟೆಯ ಡಾಕ್ಟರಿಗೆ ತೋರಿಸಿದೆ. ಕಾಲಿಗೆ ಏನೂ ಆಗಿಲ್ಲ, ಚೆನ್ನಾಗಿ ಒದೆಯುತ್ತಾಳೆ ಎಂದರು. ಸುಬ್ಬಿ ನಂಬಲಿಲ್ಲ. ದಾರಿಯುದ್ದಕ್ಕೂ ಮಗುವಿನ ಪಾದಗಳನ್ನು ಕೈಯಲ್ಲಿ ಮುಚ್ಚಿಕೊಂಡೇ ಬಂದಳು.

"ಎಲ್ಲ ಸರಿ ಇದ್ರೆ ಯಾಕಮ್ಮ ನಿಲ್ಲಲ್ಲ ಇದು?" ಎಂದಳು.

ಅದನ್ನು ತಿಳಿಯಲೆಂದು ನಾನು ಮರುದಿನದಿಂದ ಶೆಡ್ಡಿನ ಮೂಲೆಯಲ್ಲಿ ಕೂತು ನೋಡತೊಡಗಿದೆ.

ಮಧ್ಯಾಹ್ನ ಗಂಜಿಯ ಹೊತ್ತಿಗೆ ತಾಯಂದಿರು ಬಂದು ಸೇರುತ್ತಿದ್ದರು. ಮಗುವನ್ನು ನೆಲಕ್ಕೆ ಬಿಡಿ, ತೆಂಗಿನ ಚಿಪ್ಪು, ಮರದ ಸೌಟು ಏನಾದರೂ ಕೊಡಿ, ಬಿದ್ದು ಎದ್ದೇ ಕಾಲು ಗಟ್ಟಿಯಾಗುವುದು ಎಂದು ನಾನು ಹೇಳುತ್ತಿದ್ದೆ. ಎಲ್ಲರಿಗಿಂತ ಹೆಚ್ಚು ತಲೆಯಾಡಿಸುತ್ತಿದ್ದವಳು ಚೋಮಿ. ಮರುದಿನ ಬೆಳಿಗ್ಗೆ ನೋಡಿದರೆ ಮುತ್ತಿ ಮತ್ತೆ ಅವಳ ಕಂಕುಳಲ್ಲೇ. ಆ ಮಗು ಹಗುರ, ಅಳುವುದೂ ಕಡಿಮೆ. ಹಾಗಾಗಿ ಚೋಮಿ ಬೆಳಗಿನಿಂದ ಸಂಜೆಯವರೆಗೆ ಅವಳನ್ನೇ ಎತ್ತಿಕೊಂಡು ತಿರುಗುತ್ತಿದ್ದಳು. ಸಂಜೆ ಸುಬ್ಬಿ ಬಂದು ತಾನು ಎತ್ತಿಕೊಳ್ಳುವಳು. ಮುತ್ತಿಗೆ ನೆಲ ಸಿಗುತ್ತಿದ್ದುದು ಮಲಗುವಾಗ ಮಾತ್ರ.

ಒಂದು ಬೆಳಿಗ್ಗೆ ಚೋಮಿ ನಾನು ಹೇಳಿದಂತೆ ಮಗುವನ್ನು ಚಾಪೆಯ ಮೇಲೆ ಕೂರಿಸಿದ್ದಳು. ಮುತ್ತಿ ಬೆಂಚಿನ ಅಂಚು ಹಿಡಿದು ಮೆಲ್ಲಗೆ ಮೇಲೇಳುತ್ತಿದ್ದಳು. ಅಷ್ಟರಲ್ಲಿ ಹೊರಗೆ ಹಾಜರಿ ಬರೆಯುವ ರೈಟರ್ ಕುಟ್ಟಪ್ಪನವರ ಬೂಟಿನ ಸದ್ದು ಕೇಳಿಸಿತು. ಚೋಮಿ ಕುಂಟುತ್ತಲೇ ಓಡಿಬಂದು ಮಗುವನ್ನು ಬಾಚಿಕೊಂಡು ಕಂಕುಳಿಗೇರಿಸಿದಳು.

ಅವರು ಹೋದಮೇಲೆ ಯಾಕೆ ಹಾಗೆ ಮಾಡಿದೆ ಎಂದು ಕೇಳಿದೆ.

"ರೈಟರು ಬಂದಾಗ ಕೈ ಖಾಲಿ ಇದ್ರೆ ಅರ್ಧ ಹಾಜರಿ, ಅರ್ಧ ಕೂಲಿ, ಟೀಚರಮ್ಮ. ನೀವು ತೋಟದಲ್ಲಿ ದುಡಿದವರಲ್ಲ, ನಿಮಗೆ ಗೊತ್ತಿಲ್ಲ."

ತೋಟದಲ್ಲಿ ಅದೇ ಪದ್ಧತಿ. ಬೂಟಿನ ಸದ್ದು ಕೇಳಿದರೆ ಸಾಕು, ಬುಟ್ಟಿ ತುಂಬಿ ಉಸಿರಾಡಲು ನಿಂತವರೂ ಬಗ್ಗಿ ಕಳೆ ಕೀಳುತ್ತಿದ್ದರು. ಚೋಮಿ ಬುಟ್ಟಿ ಬಿಟ್ಟಿದ್ದಳು, ಆ ಭಯ ಅವಳನ್ನು ಬಿಟ್ಟಿರಲಿಲ್ಲ. ಬುಟ್ಟಿಯ ಜಾಗಕ್ಕೆ ಮುತ್ತಿ ಬಂದಿದ್ದಳು, ಅಷ್ಟೆ. ನಾನು ಧೈರ್ಯ ಹೇಳಿದರೆ ಸಾಲದು. ಹಾಜರಿ ಹಾಕುವವರೇ ಹೇಳಬೇಕಿತ್ತು.

ಕುಟ್ಟಪ್ಪನವರನ್ನು ಮಧ್ಯಾಹ್ನದ ಪಾಠಕ್ಕೆ ಕರೆದೆ. ಅವರು ಮೀಸೆಯಡಿಯಲ್ಲಿ ನಕ್ಕರು. "ನನ್ನನ್ನೂ ಆಯಾ ಮಾಡ್ತೀರೋ?" ಎಂದರು. ಚೋಮಿಯ ಭಯದ ವಿಷಯ ಹೇಳಿದೆ. ನಗು ನಿಂತಿತು. ಹಾಜರಿ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಹೋದರು.

ಆದರೆ ಪಾಠದ ಹೊತ್ತಿಗೆ ಬಂದರು. ಬೂಟುಗಳನ್ನು ಬಾಗಿಲ ಹೊರಗೇ ಬಿಚ್ಚಿಟ್ಟು, ಬೆಂಚಿದ್ದರೂ ಹೆಂಗಸರಿಂದ ಸ್ವಲ್ಪ ದೂರದಲ್ಲಿ ನೆಲದ ಮೇಲೇ ಕೂತರು. ಗಂಜಿ ಕುಡಿಯುತ್ತಿದ್ದವರು ಸೆರಗು ಸರಿಮಾಡಿಕೊಂಡು ಹಿಂದೆ ಸರಿದರು.

ನಾನು ಮುತ್ತಿಯನ್ನು ಬೆಂಚಿನ ಪಕ್ಕದಲ್ಲಿ ಬಿಡಲು ಹೇಳಿದೆ. ಚೋಮಿ ಬಿಟ್ಟಳು. ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಚಾಪೆಯ ಎಳೆ ಕೀಳುತ್ತಾ ಕೂತಳು. ಮಗು ಬೆಂಚು ಹಿಡಿದು ಎದ್ದಿತು, ತೂಗಾಡಿತು, ದೊಪ್ಪನೆ ಬಿದ್ದು ಅಳತೊಡಗಿತು. ಚೋಮಿ ಅರ್ಧ ಎದ್ದು ರೈಟರ ಮುಖ ನೋಡಿದಳು. ಸುಬ್ಬಿಯೂ ಎದ್ದಿದ್ದಳು.

"ಕೂತ್ಕೋ ಚೋಮಿ," ಎಂದರು ಕುಟ್ಟಪ್ಪ. "ಇಲ್ಲಿ ಸುಮ್ನೆ ಕೂತು ನೋಡೋದೇ ಕೆಲ್ಸ ಅಂತೆ. ನಾನು ಪೂರ್ತಿ ಹಾಜರಿ ಹಾಕ್ತೀನಿ. ದೊರೆ ಕೇಳಿದ್ರೂ ಅದನ್ನೇ ಹೇಳ್ತೀನಿ."

"ದಿನಾನೂವಾ, ಸ್ವಾಮಿ?"

"ದಿನಾನೂ."

ಚೋಮಿ ಕೂತಳು. ಮುತ್ತಿ ಸ್ವಲ್ಪ ಹೊತ್ತು ಅತ್ತು, ಯಾರೂ ಎತ್ತದಿದ್ದಾಗ ತಾನೇ ಅಳು ನಿಲ್ಲಿಸಿ ಮತ್ತೆ ಬೆಂಚಿಗೆ ಕೈ ಹಾಕಿದಳು. ಸುಬ್ಬಿಯ ಗಂಜಿ ಆರಿಹೋಗಿತ್ತು. ಪಕ್ಕದವಳು ಅದನ್ನು ಸದ್ದಿಲ್ಲದೆ ತೆಗೆದು ತನ್ನ ಬಿಸಿ ಗಂಜಿಯನ್ನು ಅವಳ ಮುಂದೆ ಸರಿಸಿದಳು.

ಆಮೇಲೆ ದಿನವೂ ಬೀಳುವುದು, ಏಳುವುದು. ಮಗುವಿನ ಮೊಣಕಾಲು ತರಚುತ್ತಿತ್ತು. ಚೋಮಿ ಕೊಬ್ಬರಿ ಎಣ್ಣೆ ಸವರಿ ಮತ್ತೆ ಚಾಪೆಗೇ ಬಿಡುವಳು. ಬೆಂಚು ಹಿಡಿದು ನಿಂತ ಮುತ್ತಿ ಬೆಂಚಿನುದ್ದಕ್ಕೂ ಸರಿದಳು. ಬೆಂಚು ಮುಗಿದಲ್ಲಿ ಗೋಡೆ ಹಿಡಿದಳು. ಲೈನಿನವರ ಮಾತು ಕಡಿಮೆಯಾಯಿತು. ಸುಬ್ಬಿಗೆ ಮಾತ್ರ ಇನ್ನೂ ಅನುಮಾನ. ಹಿಡಿದು ನಿಲ್ಲುವುದು ಬೇರೆ, ನಡೆಯುವುದು ಬೇರೆ ಎನ್ನುತ್ತಿದ್ದಳು.

ಪಿಕಿಂಗ್ ಮುಗಿಯುವ ದಿನಗಳಲ್ಲಿ ಒಂದು ಸಂಜೆ ಸುಬ್ಬಿ ಶೆಡ್ಡಿನ ಬಾಗಿಲಿಗೆ ಬಂದಳು. ತಾಯಿಯನ್ನು ಕಂಡ ಮುತ್ತಿ ಗೋಡೆಯಿಂದ ಕೈ ತೆಗೆದಳು. ನಡುವೆ ಹಿಡಿಯಲು ಏನೂ ಇರಲಿಲ್ಲ. ಸುಬ್ಬಿ ಎರಡೂ ಕೈ ಚಾಚಿ ಮುಂದೆ ಧಾವಿಸಿದಳು.

"ಎತ್ಬೇಡ ಸುಬ್ಬಿ," ಎಂದಳು ಚೋಮಿ, ಕೂತಲ್ಲಿಂದಲೇ. "ನಿಲ್ಲು ಅಲ್ಲೇ. ಅವಳೇ ಬರ್ತಾಳೆ."

ಸುಬ್ಬಿ ನಿಂತಳು. ಮುತ್ತಿ ಹೊಟ್ಟೆ ಮುಂದೆ ಮಾಡಿಕೊಂಡು, ಕಾಲುಗಳನ್ನು ಅಗಲಿಸಿಕೊಂಡು ಬಂದಳು.