ಎಕೋದ ಕೆಂಪು ಚೌಕ

ಕರೆಂಟು ಹೋದದ್ದು ಶಿವಗಂಗಾಳ ಅಂಗೈಗೆ ಮೊದಲು ತಿಳಿಯಿತು, ನಡುಮನೆಯ ಸ್ಪೀಕರ್ ಬಾಕ್ಸಿನ ದಬ್ ದಬ್ ಸದ್ದಿನ ಜೊತೆ ತಾನೂ ತಾಳ ಹಿಡಿದು ರೊಟ್ಟಿ ಬಡಿಯುತ್ತಿದ್ದ ಕೈ ಒಂದೇ ಏಟಿಗೆ ಒಂಟಿಯಾಯಿತು, ತಲೆಯ ಮೇಲಿನ ಫ್ಯಾನು ನಿಧಾನವಾಗುತ್ತಿದೆ, ಬೆಳಗಿನ ಎಂಟಕ್ಕೇ ರಾಯಚೂರಿನ ಸೆಕೆ, ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಬೇಕು, ಈಗ ಅವನು ಕೂಗುತ್ತಾನೆ, ಕರೆಂಟ್ ಹೋತಲ್ಲ ಗಂಗಾ ಎಂದು ಕೂಗುತ್ತಾನೆ, ಕೂಗಲಿ, ದೇವರೇ, ಒಂದು ಸಲ ಕೂಗಲಿ — ಯಾರೂ ಕೂಗಲಿಲ್ಲ. ಹಿಟ್ಟಿನ ಕೈಯಲ್ಲೇ ಎದ್ದು ಬಾಗಿಲಿಗೆ ಬಂದಳು. ಗಂಡ ಉದಯಕುಮಾರ ಬೆನ್ನು ಹಾಕಿ ಕೂತಿದ್ದಾನೆ, ಮುಂದೆ ಲ್ಯಾಪ್‌ಟಾಪು, ಅದಕ್ಕೆ ವೈರು ಹಾಕಿದ ಮಗಳ ಹಳೆಯ ಟ್ಯಾಬು, ಎರಡರಲ್ಲೂ ಬ್ಯಾಟರಿ ಇದೆ, ತೆರೆಯ ಮೇಲೆ ಹಾಡಿನ ಹಸಿರು ಅಲೆಗಳು ಓಡುತ್ತಲೇ ಇವೆ, ಸತ್ತದ್ದು ಮೂಲೆಯ ಬಾಕ್ಸು ಮಾತ್ರ, ಮತ್ತು ಅವನು ತಲೆದೂಗುತ್ತಿದ್ದಾನೆ, ಅವನ ಬೆರಳು ಕೆಂಪು ಚೌಕವನ್ನು ಒತ್ತುತ್ತದೆ, ಬಿಡುತ್ತದೆ, ಒತ್ತುತ್ತದೆ.

ಕೆಂಪು ಅಂದರೆ ಎಕೋ, ನೀಲಿ ಪಟ್ಟಿ ಸದ್ದನ್ನು ಮಂದ ಮಾಡಲಿಕ್ಕೆ, ಹಳದಿ ಸೈರನ್ನಿಗೆ, ಹದಿನೈದು ದಿನದಿಂದ ಈ ಮನೆಯಲ್ಲಿ ಇದೇ ಮಾತು, ಅಪ್ಪ ಹೇಳುತ್ತಾನೆ, ಎಂಟನೇ ಇಯತ್ತೆಯ ಕಾವ್ಯಾ ಟ್ಯಾಬಿನ ಮೇಲೆ ಚೌಕ ಬಿಡಿಸುತ್ತಾಳೆ, ಒಂದೊಂದು ಚೌಕಕ್ಕೂ ಒಂದೊಂದು ನಂಬರು, ಆ ನಂಬರನ್ನು ಡಿಜೆ ಸಾಫ್ಟ್‌ವೇರಿನ ಎಫೆಕ್ಟಿಗೆ ಗಂಟು ಹಾಕಬೇಕು, ಮಿಕ್ಸರಿನ ಸಣ್ಣ ತಿರುಗುಗುಂಡಿ ಸಾಕಾಗೇದವ್ವಾ, ಕಿವಿ ತೆರಿಯೋತನಕ ಎಲ್ಲಾ ಕಣ್ಣಿಗೆ ಕಾಣಂಗಿರ್ಲಿ, ಒತ್ತಿದ್ರ ಹೊಳೀಬೇಕು, ಬಿಟ್ರ ಆರಬೇಕು. ಬೆರಳು ಇಟ್ಟಷ್ಟು ಹೊತ್ತು ಮಾತ್ರ ಎಕೋ, ಅದನ್ನು ಎಷ್ಟು ಸಲ ಹೇಳಿದ, ಯಾಕೆಂದು ಮಗಳು ಕೇಳಲಿಲ್ಲ, ಶಿವಗಂಗಾಳಿಗೆ ಗೊತ್ತು, ಹಿರೇಕೊಟ್ನೆಕಲ್ ಮದುವೆಯಲ್ಲಿ ಮೈಕಿನಲ್ಲಿ ಮದುಮಗನ ಹೆಸರು ಕೂಗುವಾಗ ಎಕೋ ಹಚ್ಚಿದವನು ತೆಗೆಯಲೇ ಇಲ್ಲ, ಕೊಟ್ರೇಶ, ಟ್ರೇಶ, ಟ್ರೇಶ, ಆಮೇಲಿನ ಹಾಡೂ ಹಾಗೇ ಒಂದರ ಮೇಲೊಂದು ಬಿದ್ದು ಕಲಸಿಹೋಯಿತು, ಕುಣಿಯುವ ಹುಡುಗರು ನಿಂತರು, ನಕ್ಕರು, ಉದಯಣ್ಣಾ, ಮದುಮಗನ ಹೆಸರು ತುಂಗಭದ್ರಾ ದಾಟಿ ಹೋತು, ಹಿಡಕೊಂಡು ಬಾರಪ್ಪಾ, ಇವನು ಅವರ ನಗು ನೋಡಿ ತಾನೂ ನಕ್ಕು ಕೈ ಬೀಸಿದನಂತೆ. ಅದನ್ನು ಹೇಳಿದ್ದು ಮಾನ್ವಿಯ ಸೊಹೇಲ್, ಬಾಕ್ಸು, ಟೆಂಪೊ ಎಲ್ಲ ಅವನದು, ಡಿಜೆ ನುಡಿಸುವ ಕೈ ಇವನದು, ಹೊಸ್ತಿಲ ಹೊರಗೇ ನಿಂತು ಹೇಳಿದ, ಭಾಭಿ, ಕಲ್ಲೂರು ಮೆರವಣಿಗಿ ಇವರ ಕೈಯಾಗೇ ಕೊಟ್ಟೀನಿ, ಅಲ್ಲೂ ಹಿಂಗಾದ್ರ ನಾ ಬ್ಯಾರೆದವರನ್ನ ನೋಡಬೇಕಾಗತದ, ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ. ಕಲ್ಲೂರು ಅಂದರೆ ಈ ಐತವಾರ, ನಾಳೆ ಬಿಟ್ಟು ನಾಡಿದ್ದು.

ಹೇಳಬೇಕಿತ್ತು, ಅವತ್ತೇ ಡಾಕ್ಟರ ಮುಂದೆಯೇ ಹೇಳಿಬಿಡಬೇಕಿತ್ತು, ಡಾಕ್ಟರು ಚೀಟಿ ಬರೆಯುತ್ತಾ ತಲೆ ಎತ್ತದೆ ಅಂದರು, ಕಿವಿ ನರಗಳೇ ಸತ್ತಾವಮ್ಮಾ, ಇಪ್ಪತ್ತು ವರ್ಷ ಬಾಕ್ಸಿನ ಮುಂದ ನಿಂತಾರ, ಮಷೀನ್ ಹಾಕಿದ್ರೂ ಉಪಯೋಗಿಲ್ಲ, ಮಾತು ಹಿಡಿಯಲು ಅವರ ತುಟಿ ಕಾಣದೆ ಇವನು ಇವಳ ಮುಖ ನೋಡಿದ, ಏನಂತ, ಏನಂದ್ರು, ಅರಕೇರಾದಿಂದ ದೇವದುರ್ಗಕ್ಕೆ ನಡೆದು ಬಂದು ಕಂಬಕ್ಕೆ ಮೈಕಿನ ಹಾರ್ನು ಕಟ್ಟುತ್ತಿದ್ದ ಹುಡುಗನ ಮುಖವೇ ಅದು, ಮದುವೆಯಾದ ಹೊಸದರಲ್ಲಿ ಮಿಕ್ಸಿಯ ಸದ್ದು ಕೇಳಿಯೇ ಬೇರಿಂಗ್ ಹೋಗ್ಯದ ಎಂದವನು, ಆ ಮುಖಕ್ಕೆ ಅವಳ ಬಾಯಿಂದ ಬಂದದ್ದು, ಕಿವ್ಯಾಗ ಹೊಲಸು ಗಟ್ಟಿ ಆಗ್ಯದಂತ, ಹನಿ ಹಾಕಿದ್ರ ಕರಗತದಂತ. ಮೆಡಿಕಲ್ಲಿನಲ್ಲಿ ಅಪಾಯವಿಲ್ಲದ ಹನಿ ಕೇಳಿ ತಂದಳು. ದಿನಾ ಸ್ನಾನ ಮುಗಿಸಿ ಅವಳ ತೊಡೆಯ ಮೇಲೆ ತಲೆ ಇಡುತ್ತಾನೆ, ಮೂರು ಹನಿ ಈ ಕಿವಿಗೆ, ಮೂರು ಆ ಕಿವಿಗೆ, ಕಣ್ಣು ಮುಚ್ಚಿ ಮಲಗಿ ಎದ್ದವನು ಅನ್ನುತ್ತಾನೆ, ಇವತ್ತು ಒಂಚೂರು ಬಿಟ್ಟಂಗ ಆಗ್ಯದ ಗಂಗಾ, ಹಾಡು ಬರಾಕತ್ತೇದ — ಬರುವುದು ಎಲ್ಲಿಂದ, ತಲೆಯೊಳಗಿನ ನೆನಪಿನಿಂದ, ಅಲೆ ಕಂಡರೆ ಸಾಕು, ಉಳಿದದ್ದನ್ನು ನೆನಪು ಹಾಡುತ್ತದೆ, ಅದನ್ನೇ ಕೇಳಿದ್ದೆಂದು ನಂಬಿ ತಲೆದೂಗುತ್ತಾನೆ, ನಂಬಿಸಿದವಳು ಅವಳೇ.

ಮತ್ತೆ ಮಗಳು, ಮೊನ್ನೆ ಮಗಳಿಗೆ ಹೊಳೆದುಬಿಟ್ಟಿದೆ, ಅವಸರದಲ್ಲಿ ಕೆಂಪಿಗೂ ನೀಲಿಗೂ ಒಂದೇ ನಂಬರು ಕೊಟ್ಟಿದ್ದಳು, ಎಕೋ ಒತ್ತಿದರೆ ಇಡೀ ಹಾಡು ಕಾಳು ತುಂಬುವ ನೆಲದ ಹಗೇವಿನೊಳಗೆ ಬಿದ್ದಂತೆ ಮುಳುಗಿತು, ಅಡುಗೆಮನೆಗೂ ತಿಳಿಯಿತು, ಅವನು ಮಾತ್ರ ಭೇಷ್ ಅದವ್ವಾ, ಇದನ್ನ ಹಿಂಗಽ ಇಡು ಎಂದ, ಕಾವ್ಯಾ ಅವ್ವನ ಕಡೆ ತಿರುಗಿ ಬಾಯಿ ತೆರೆದಳು, ಕಾವ್ಯಾ, ನಳ ಬಂತು, ಕೊಡ ತುಂಬೇದೇನು ನೋಡು ಎಂದಳು ಶಿವಗಂಗಾ, ಮಗಳು ಬಾಯಿ ಮುಚ್ಚಿ ಹೋದಳು, ಅಪ್ಪ ಇಲ್ಲದಾಗ ನಂಬರು ಸರಿಮಾಡಿಟ್ಟಳು, ಆ ತೆರೆದ ಬಾಯಿಯನ್ನು ಶಿವಗಂಗಾ ಎರಡು ದಿನದಿಂದ ಕೊಡ, ಜಡೆ, ಶಾಲೆ ಎಂದು ಮುಚ್ಚಿಸುತ್ತಲೇ ಇದ್ದಾಳೆ.

ಈಗ ಕಾವ್ಯಾ ಬಾಕ್ಸಿನ ಪಕ್ಕದಲ್ಲೇ ನಿಂತಿದ್ದಾಳೆ, ಒಂದು ಜಡೆ ಹೆಣೆದು ಇನ್ನೊಂದು ಹಾಗೇ ಬಿಟ್ಟು, ಬಾಕ್ಸಿನ ಆರಿದ ದೀಪ ನೋಡುತ್ತಾಳೆ, ಅಪ್ಪನ ತೂಗುವ ತಲೆ ನೋಡುತ್ತಾಳೆ, ಅವ್ವನನ್ನು ನೋಡುತ್ತಾಳೆ, ಮಗಳ ಬಾಯಿ ತೆರೆಯುತ್ತದೆ, ಶಿವಗಂಗಾ ಜಡಿ ಹಾಕತೀನಿ ಬಾ ಅನ್ನಬೇಕು, ಶಾಲಿಗೆ ಹೊತ್ತಾತು ಅನ್ನಬೇಕು, ಏನಾದರೂ ಅನ್ನಬೇಕು, ಹಿಂದೆ ಹಂಚಿನ ಮೇಲೆ ರೊಟ್ಟಿ ಸೀಯುತ್ತಿದೆ, ಐತವಾರ, ಕಲ್ಲೂರು, ಬಿಸಿಲು, ಅಷ್ಟು ಜನದ ನಡುವೆ ಇದೇ ಬೆನ್ನು, ಇದೇ ಬೆರಳು — ಮಗಳು ದನಿ ತಗ್ಗಿಸಲೂ ಇಲ್ಲ, ಅಪ್ಪನಿಂದ ಎರಡು ಮೊಳ ದೂರದಲ್ಲಿ ನಿಂತು, ಶಾಲೆಯಲ್ಲಿ ಪದ್ಯ ಒಪ್ಪಿಸುವಷ್ಟು ದೊಡ್ಡ ದನಿಯಲ್ಲಿ ಕೇಳಿಯೇಬಿಟ್ಟಳು, ಯವ್ವಾ, ಅಪ್ಪಗ ಒಟ್ಟ ಕೇಳಸಂಗಿಲ್ಲ, ಇದನ್ನ ಅಪ್ಪಗ ಯಾರು ಹೇಳೋರು? — ಅವನು ತಿರುಗಲಿಲ್ಲ, ಬೆರಳು ಕೆಂಪು ಚೌಕವನ್ನು ಒತ್ತಿತು, ಬಿಟ್ಟಿತು, ಒತ್ತಿತು