ಕುರ್ಚಿಯೊಳಗಿನ ಜೀಪು

ನಮ್ಮನೆಯವರಿಗೆ ಫಿಟ್ಸ್ ಬಂದ ಮೇಲೆ ಡಾಕ್ಟರು, ಇನ್ನು ಜೀಪು ಓಡಿಸುವ ಮಾತೇ ಬೇಡ ಅಂದುಬಿಟ್ಟರು. ರಾಣೇಬೆನ್ನೂರಿನಲ್ಲಿ ನಮ್ಮದು ಮೈಕ್‌ಸೆಟ್ ಅಂಗಡಿ. ಐರಣಿ, ಕುಪ್ಪೇಲೂರು ಅಂತ ಮದುವೆ ಮನೆಗಳಿಗೆ ಸ್ಪೀಕರ್ ಹೊರಲು ಇದ್ದದ್ದು ಅದೊಂದೇ ಜೀಪು. ನಾನೇ ಕಲಿಯುತ್ತೇನೆಂದು ಹೊರಟೆ. ಮೊದಲ ದಿನವೇ ಕೊಟ್ಟಿಗೆಯ ಗೋಡೆ ಕೆಡವಿದೆ. ಅತ್ತೆ ಸೋಮವ್ವ ಕೀಲಿ ಕಸಿದು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

“ಲೈಸೆನ್ಸ್ ಪಾಸಾಗಿ ಬಾ, ಕೀಲಿ ಕೊಡತೇನಿ. ಇಲ್ಲಂದ್ರ ಮೋಟೆಬೆನ್ನೂರ ಭರಮಣ್ಣ ಕೇಳಾಕತ್ತಾನ, ಮಾರಿಬಿಡೂದ.”

ನಮ್ಮನೆಯವರು, ವಿಜಯಮಹಾಂತೇಶ, ಕೈಕಟ್ಟಿ ಕೂರುವವರಲ್ಲ. ಮನೆಯ ಕಂಪ್ಯೂಟರಿಗೆ ಕಾರ್ ರೇಸಿನ ಆಟ ಹಾಕಿದರು, ಹುಬ್ಬಳ್ಳಿಯಿಂದ ಆಟದ ಸ್ಟೀರಿಂಗ್, ಪೆಡಲ್ ತಂದು, ಪಕ್ಕಕ್ಕೊಂದು ಹಳೆಯ ಕೀಲಿಯ ಸ್ವಿಚ್ಚನ್ನೂ ಜೋಡಿಸಿದರು. ಕಬ್ಬಿಣದ ಕುರ್ಚಿಯ ಅಡಿಗೆ ಅಂಗಡಿಯ ದೊಡ್ಡ ವೂಫರ್ ಸ್ಪೀಕರ್ ಬಿಗಿದರು. ಆಟದೊಳಗೆ ಎಂಜಿನ್ ಗುಡುಗಿದರೆ ಇಲ್ಲಿ ಕುರ್ಚಿ ನಡುಗುತ್ತಿತ್ತು. ಅಷ್ಟಕ್ಕೆ ಬಿಟ್ಟರೇ? ಅತ್ತೆಯನ್ನು ಕಾಡಿಬೇಡಿ ಅಂಗಳದಲ್ಲಿ ನಿಂತಲ್ಲೇ ಜೀಪು ಚಾಲೂ ಮಾಡಿ, ಅದರ ಸೀಟಿನಲ್ಲೊಂದು ಗಳಿಗೆ, ಓಡಿಬಂದು ಕುರ್ಚಿಯಲ್ಲೊಂದು ಗಳಿಗೆ ಕೂತು, ಎರಡರ ನಡುಕ ಒಂದಾಗಲೆಂದು ಆಂಪ್ಲಿಫೈಯರ್ ತಿರುವುತ್ತಿದ್ದರು.

“ಸಾಕ್ರಿ, ನನ್ನ ಹಲ್ಲು ಉದುರತಾವ,” ಅಂದೆ.

“ಇನ್ನೂ ನಮ್ಮ ಜೀಪ್ ಆಗಿಲ್ಲ ಸುಧಾ. ನೀ ಮೀಟರ್ ನೋಡಬ್ಯಾಡ. ಕುರ್ಚಿ ನಡಗಿದ್ರ ಎಂಜಿನ್ ಚಾಲೂ ಐತಿ. ಸುಮ್ಮನಾತಂದ್ರ ಬಂದ್ ಬಿದ್ದೈತಿ, ಕೀಲಿ ತಿರುವು.”

ನಾನು ಪೆಡಲ್ ತಪ್ಪಿದಾಗೆಲ್ಲ ವೂಫರ್ ಆರಿಸಿಬಿಡುವರು. ಬರಬರುತ್ತ ಕುರ್ಚಿ ಸುಮ್ಮನಾದರೆ ಸಾಕು, ನನ್ನ ಕೈ ತಾನಾಗಿ ಕೀಲಿ ಹುಡುಕುತ್ತಿತ್ತು. ಆಮೇಲೆ ಸೇರಿದ ಡ್ರೈವಿಂಗ್ ಸ್ಕೂಲಿನ ಮುದಿ ಕಾರೂ ಗಡಗಡ ನಡುಗುವಂಥದೇ, ಹಾಗಾಗಿ ತೊಂದರೆಯಾಗಲಿಲ್ಲ.

ಹಾವೇರಿಯಲ್ಲಿ ಪರೀಕ್ಷೆಯ ದಿನ ಸ್ಕೂಲಿನವನು ದೊಡ್ಡಸ್ತಿಕೆಗೆ ಹೊಸ ಕಾರು ತಂದಿದ್ದ. ಇನ್‌ಸ್ಪೆಕ್ಟರ್ ಪಕ್ಕದಲ್ಲಿ ಕೂತರು. ಕೀಲಿ ತಿರುವಿದೆ. ಸೀಟು ಮಿಸುಕಲಿಲ್ಲ. ಅಯ್ಯೋ ಶಿವನೇ, ಬಂದ್ ಬಿತ್ತು ಅಂತ ಮತ್ತೆ ತಿರುವಿದೆ. ಕಾರು ಕರ್ರೆಂದು ಕಿರುಚಿತು.

“ಚಾಲೂ ಐತ್ರಿ ಅಕ್ಕಾರ,” ಅಂದರು ಅವರು.

ಹೌದು ಅಂತ ತಲೆಯಾಡಿಸಿದೆ. ಸುಡುಗಾಡು ಕೈ ಕೇಳಬೇಕಲ್ಲ, ಮತ್ತೆ ತಿರುವಿತು. ಮತ್ತೆ ಕರ್ರ್.

“ಇನ್ನೊಮ್ಮೆ ಹಿಂಗಾದ್ರ ಇಳದಬಿಡ್ರಿ.”

ಭರಮಣ್ಣ ನಮ್ಮ ಜೀಪು ಹೊಡೆದುಕೊಂಡು ಹೋಗುವುದು ಕಣ್ಣಿಗೇ ಕಂಡಿತು. ನಮ್ಮನೆಯವರನ್ನೂ ಅವರ ಕುರ್ಚಿಯನ್ನೂ ಮನಸ್ಸಿನಲ್ಲೇ ಬೈದೆ. ಆಮೇಲೆ ಚಪ್ಪಲಿ ಕಳಚಿ ಬರಿಗಾಲನ್ನು ಕಾರಿನ ತಳಕ್ಕೆ ಊರಿದೆ. ಇತ್ತು. ಮಲಗಿದ ಕೂಸಿನ ಬೆನ್ನ ಮೇಲೆ ಕೈ ಇಟ್ಟರೆ ಉಸಿರು ತಿಳಿಯುತ್ತದಲ್ಲ, ಅಷ್ಟೇ ಸಣ್ಣಗೆ ನಡುಗುತ್ತಿತ್ತು. ಬರಿಗಾಲಿನಲ್ಲೇ ಕ್ಲಚ್ ಒತ್ತಿ ಮೈದಾನ ಸುತ್ತಿಬಂದೆ.

“ಪಾಸ್. ಮನಿಗೆ ಹೋಗೂವಾಗರ ಚಪ್ಪಲಿ ಹಾಕ್ಕೊಳ್ರಿ,” ಅಂದರು ಇನ್‌ಸ್ಪೆಕ್ಟರ್.

ಮನೆಯಲ್ಲಿ ಅತ್ತೆ ಸೆರಗಿನ ಗಂಟು ಬಿಚ್ಚಿ ಕೀಲಿ ಕೊಟ್ಟರು. ತಾವೇ ಮೊದಲು ಹೋಗಿ ಜೀಪಿನ ಹಿಂದಿನ ಸೀಟಿನಲ್ಲಿ ಕೂತರು. ನಮ್ಮನೆಯವರು ನನ್ನ ಪಕ್ಕಕ್ಕೆ ಹತ್ತಿದರು. ಇನ್ನು ಅವರ ಜಾಗ ಅದೇ.

ಜೀಪು ಚಾಲೂ ಮಾಡಿದೆ. ತೊಡೆ, ಬೆನ್ನು, ಹಲ್ಲು ಎಲ್ಲ ಒಟ್ಟಿಗೆ ನಡುಗಿದವು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

“ಹೆಂಗೈತಿ?”

“ಥೇಟ್ ನೀವು ಮಾಡಿದ ಕುರ್ಚೀನ ಐತ್ರಿ,” ಅಂದೆ. ಅವರು ಕಣ್ಣೊರೆಸಿಕೊಂಡರು. ಎಷ್ಟೋ ದಿನದ ಮೇಲೆ ನನ್ನ ಎದೆ ಹಗುರಾಯಿತು. ಮತ್ತೆ ಕಟ್ಟಿಸಿದ ಕೊಟ್ಟಿಗೆಯ ಗೋಡೆ ತಪ್ಪಿಸಿ ಜೀಪನ್ನು ರಸ್ತೆಗೆ ಇಳಿಸಿದೆ.